ಐರೋಲಿಯಲ್ಲಿ ಕೊಂಡ ಇಪ್ಪತ್ತೈದು ಕುದುರೆಗಳು

ಬೋರ್ಡಿನ ಮೇಲೆ ಬರೆದಿದ್ದದ್ದು ‘ಕಾರ್ ಎಸಿ, ಗ್ಯಾಸ್ ಚಾರ್ಜಿಂಗ್, ಸ್ಕ್ಯಾನಿಂಗ್’ ಅಂತ. ಅದೂ ಮರಾಠಿಯಲ್ಲಿ. ನಾನು ಹುಡುಕುತ್ತಿದ್ದ ‘ರಿಮ್ಯಾಪ್’ ಎಂಬ ಶಬ್ದ ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಅಕ್ಕನ ಮಗ ಕಳಿಸಿದ್ದ ಲೊಕೇಶನ್ ಕೈಯಲ್ಲಿ ಹಿಡಿದುಕೊಂಡೇ ಆ ಶೆಡ್ಡನ್ನು ಎರಡು ಸಲ ದಾಟಿ ಹೋದೆ. ಮೂರನೆಯ ಸಲ ಅವನೇ ಹೊರಗೆ ಬಂದು ಕೂಗಿದ. “ಮಾಮಾ, ಎಲ್ಲಿ ಹೊಂಟಿ? ಇಲ್ಲೇ ಬಾ.”

ನಕ್ಷೆಯಲ್ಲಿ ನೋಡಿದರೆ ನಾನಿರುವ ಡೊಂಬಿವಲಿಗೂ ಐರೋಲಿಗೂ ನಡುವೆ ಇರುವುದು ಪಾರ್ಸಿಕ್ ಗುಡ್ಡ ಒಂದೇ. ಆದರೆ ರೈಲಿನವನು ಥಾಣೆಗೆ ಹೋಗಿ, ಅಲ್ಲಿ ಹತ್ತನೆಯ ಪ್ಲಾಟ್‌ಫಾರ್ಮಿನ ಕಡೆ ಓಡಿ, ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು ಗುಡ್ಡವನ್ನು ಸುತ್ತಿ ಬರಬೇಕು. ಮೊದಲೆಲ್ಲ ಥಾಣೆ ಬಿಟ್ಟರೆ ಮುಂದಿನ ನಿಲ್ದಾಣವೇ ಐರೋಲಿ. 2024ರ ಜನವರಿಯಿಂದ ನಡುವೆ ದಿಘಾಗಾಂವ್ ಸೇರಿಕೊಂಡಿದೆ. ಐರೋಲಿಯಲ್ಲಿ ಇಳಿದವರಲ್ಲಿ ಮುಕ್ಕಾಲು ಪಾಲು ಜನ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಪೂರ್ವಕ್ಕೆ, ಮೈಂಡ್‌ಸ್ಪೇಸ್‌ನ ಗಾಜಿನ ಕಟ್ಟಡಗಳ ಕಡೆ ಹೊರಳುತ್ತಾರೆ. ಉಳಿದವರು ಪಶ್ಚಿಮಕ್ಕೆ, ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಗೆರೆ ಹಾಕಿ ಕಟ್ಟಿಸಿದ ಸೆಕ್ಟರುಗಳ ಕಡೆ. ಆ ಸೆಕ್ಟರುಗಳೂ ಮುಗಿದ ಮೇಲೆ ಆಗ್ರಿ, ಕೋಳಿ ಜನರ ಹಳೆಯ ಊರು, ಕಾಂಡ್ಲಾ ಕಾಡು, ಖಾಡಿ.

ನಾನು ಹೋಗಬೇಕಾಗಿದ್ದು ಈ ಎರಡು ಕಡೆಗೂ ಅಲ್ಲ. ಥಾಣೆ–ಬೇಲಾಪುರ ರಸ್ತೆ ಹಿಡಿದು ರಬಾಳೆ ದಿಕ್ಕಿಗೆ, ಅಲ್ಲಿಂದ ಒಳಗೆ ಕೈಗಾರಿಕಾ ನಿಗಮ ಎಂಐಡಿಸಿಯ ಶೆಡ್ಡುಗಳ ಸಾಲಿಗೆ. ಈ ಪಟ್ಟಿಯನ್ನು ಟಿಟಿಸಿ ಅನ್ನುತ್ತಾರೆ, ಟ್ರಾನ್ಸ್ ಥಾಣೆ ಕ್ರೀಕ್. ನವಿ ಮುಂಬಯಿ ಎಂಬ ಊರು ಹುಟ್ಟುವ ಮೊದಲೇ ಇಲ್ಲಿ ರಸಾಯನದ, ಔಷಧದ, ಎಂಜಿನಿಯರಿಂಗಿನ ಕಾರ್ಖಾನೆಗಳು ಬಂದಿದ್ದವು. ಆ ಊರನ್ನು ಕಟ್ಟಿದ ಸಿಡ್ಕೊ ಹುಟ್ಟಿದ್ದೇ 1970ರಲ್ಲಿ. ಈಗ ಹಳೆಯ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಒಂದು ಪ್ಲಾಟಿನಲ್ಲಿ ಡೇಟಾ ಸೆಂಟರ್, ಅದರ ಪಕ್ಕದಲ್ಲಿ ಲೇತ್ ಮಷಿನ್ ಕೂಗುವ ವರ್ಕ್‌ಶಾಪು, ಅದರ ಪಕ್ಕ ವಡಾಪಾವ್ ಗಾಡಿ. ರಸ್ತೆಯ ಉದ್ದಕ್ಕೂ ಕಾರು ಕಂಪನಿಗಳ ಶೋರೂಮುಗಳು, ಅವುಗಳ ಬೆನ್ನ ಹಿಂದೆ ಕಾರು ರಿಪೇರಿಯವರ ದೊಡ್ಡ ಸಂಸಾರ. ಡೆಂಟಿಂಗ್, ಪೇಂಟಿಂಗ್, ಗೇರ್‌ಬಾಕ್ಸ್, ಎಸಿ, ಟೈರು. ಈ ಸಂಸಾರದ ಕಿರಿಯ ಮಗನೇ ರಿಮ್ಯಾಪ್.

ಶೆಡ್ಡಿನ ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ನೆಲ. ಎಣ್ಣೆ ಜಿಡ್ಡಿಲ್ಲದ ಗ್ಯಾರೇಜನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಮೇಜು, ಅದರ ಮೇಲೆ ಎರಡು ಲ್ಯಾಪ್‌ಟಾಪು, ಬಿಚ್ಚಿಟ್ಟ ಒಂದು ಅಲ್ಯೂಮಿನಿಯಂ ಡಬ್ಬಿ, ಗೋಡೆಗೆ ಮರಾಠಿ ಕಾಲನಿರ್ಣಯ ಕ್ಯಾಲೆಂಡರ್, ಮೂಲೆಯಲ್ಲಿ ಸುಂಯ್ ಅನ್ನುವ ಬ್ಯಾಟರಿ ಚಾರ್ಜರ್. ನಡುವೆ ಅಕ್ಕನ ಮಗನ ಬಿಳಿ ಪೋಲೊ, ಬಾನೆಟ್ ಕೂಡ ತೆರೆಯದೆ ನಿಂತಿತ್ತು. ಸ್ಟೇರಿಂಗಿನ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ ಹದಿನಾರು ತೂತಿನ ಒಂದು ಸಾಕೆಟ್ ಇರುತ್ತದೆ. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಚುಚ್ಚುವ ಜಾಗ ಅದು, ಓಬಿಡಿ ಪೋರ್ಟ್. ಅಲ್ಲಿಂದ ಹೊರಟ ಒಂದು ವೈರು ಮೇಜಿನವರೆಗೆ ಬಂದಿತ್ತು.

ಮೇಜಿನ ಹಿಂದೆ ಕೂತವನಿಗೆ ಮೂವತ್ತರ ಆಸುಪಾಸು. ಅವನ ಹೆಸರು ಬೇಡ, ಕಾರಣ ಮುಂದೆ ತಿಳಿಯುತ್ತದೆ. ಅಪ್ಪ ಕಾರ್ಕಳದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದವರು, ಅಮ್ಮ ಕುಂದಾಪುರದವರು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಪ್ಪನ ಹತ್ತಿರ ತುಳು, ಅಮ್ಮನ ಹತ್ತಿರ ಕನ್ನಡ, ರಸ್ತೆಯಲ್ಲಿ ಮರಾಠಿ, ಗಿರಾಕಿಗೆ ಹಿಂದಿ. ನನ್ನ ಕನ್ನಡ ಕೇಳಿದ್ದೇ ಕುರ್ಚಿ ಎಳೆದು ಕೊಟ್ಟ. “ಕೂತ್ಕೊಳ್ಳಿ ಅಂಕಲ್. ಆದರೆ ಕಾರಿನ ಬಾಗಿಲು ಮಾತ್ರ ತೆಗೀಬೇಡಿ. ಫೈಲ್ ಓದ್ತಾ ಉಂಟು.”

ಕಾರಿನ ಎಂಜಿನ್‌ನಿಂದ ಕಂಪ್ಯೂಟರ್ ಫೈಲ್ ಓದುವುದು ಎಂದರೇನು ಎಂದು ಕೇಳಿದೆ. ಅವನು ಗೋಡೆಯ ಕಾಲನಿರ್ಣಯ ತೋರಿಸಿದ.

“ಇವತ್ತು ಏಕಾದಶಿಯಾ ಅಂತ ಮನೆಯಲ್ಲಿ ಕೇಳಿದ್ರೆ ಎಂತ ಮಾಡ್ತೀರಿ? ಚಂದ್ರನ ಲೆಕ್ಕ ಹಾಕ್ಲಿಕ್ಕೆ ಕೂರ್ತೀರಾ? ಇಲ್ಲ. ಬಾಗಿಲ ಹಿಂದೆ ತೂಗುಹಾಕಿದ್ದನ್ನು ನೋಡಿ ಹೇಳ್ತೀರಿ. ಎಂಜಿನ್ನಿನ ಕಂಪ್ಯೂಟರ್, ಈ ಇಸಿಯು, ಮಾಡೋದೂ ಅದೇ. ಲೆಕ್ಕ ಎಲ್ಲ ಯಾರೋ ಮೊದಲೇ ಮಾಡಿ ಇಟ್ಟಿದ್ದಾರೆ. ಇದು ಬರೀ ನೋಡಿ ಹೇಳೋದು.”

ಲ್ಯಾಪ್‌ಟಾಪ್ ತಿರುಗಿಸಿದ. ಉದ್ದಕ್ಕೂ ಅಡ್ಡಕ್ಕೂ ಅಂಕಿಗಳ ಕೋಷ್ಟಕ. ಎಡಗಡೆಯ ಸಾಲು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು. ಮೇಲಿನ ಸಾಲು ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದು. ಎರಡೂ ಕೂಡುವ ಮನೆಯಲ್ಲಿ ಒಂದು ಅಂಕಿ: ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರಬೇಕು, ಅಥವಾ ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು. ಇದೇ ಮ್ಯಾಪ್. ಇಂಥವು ಒಂದು ಕಾರಿನಲ್ಲಿ ಒಂದೆರಡಲ್ಲ, ಸಾವಿರಾರು. ಎಂಜಿನ್ ಬಿಸಿಯಿದ್ದಾಗಿನದು ಬೇರೆ, ತಣ್ಣಗಿದ್ದಾಗಿನದು ಬೇರೆ. ಪೆಡಲ್ ಇಷ್ಟು ಒತ್ತಿದರೆ ಡ್ರೈವರ್ ಬಯಸುವ ಎಳೆತ ಎಷ್ಟು ಎಂಬುದಕ್ಕೇ ಒಂದು ಕೋಷ್ಟಕ. ಅವನು ಎಷ್ಟೇ ಬಯಸಿದರೂ ಇದಕ್ಕಿಂತ ಹೆಚ್ಚು ಕೊಡಕೂಡದು ಎಂದು ತಡೆಯುವುದಕ್ಕೆ ಇನ್ನೊಂದು. ಪೋಲೊದ್ದು ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್. ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ ಎಪ್ಪತ್ತೈದು ಸಲ ಕಿಡಿ ಹಾರಬೇಕು. ಪ್ರತಿ ಕಿಡಿಗೂ ಇಸಿಯು ಈ ಕೋಷ್ಟಕಗಳನ್ನು ನೋಡಿಯೇ ಉತ್ತರ ಹೇಳುತ್ತದೆ. ನನ್ನ ಮನೆಯಲ್ಲಿ ವಾರಕ್ಕೊಂದು ಸಲ ತಿಥಿ ನೋಡುವಾಗಲೇ ಕನ್ನಡಕ ಹುಡುಕಬೇಕು.

ರಿಮ್ಯಾಪ್ ಎಂದರೆ ಇಷ್ಟೇ: ಕೋಷ್ಟಕದ ಕೆಲವು ಮನೆಗಳ ಅಂಕಿ ತಿದ್ದುವುದು. ಟರ್ಬೊ ಇರುವ ಎಂಜಿನ್‌ನಲ್ಲಿ ಇದಕ್ಕೆ ಫಲ ಜಾಸ್ತಿ, ಏಕೆಂದರೆ ಗಾಳಿಯ ಪ್ರಮಾಣವೇ ಅಂಕಿಯ ಹಿಡಿತದಲ್ಲಿರುತ್ತದೆ. ಗಾಳಿ ಹೆಚ್ಚಿಸು, ಅದಕ್ಕೆ ತಕ್ಕ ಇಂಧನ ಕೊಡು, ಎಳೆತ ಬರುತ್ತದೆ. ಟರ್ಬೊ ಇಲ್ಲದ ಮಾಮೂಲಿ ಪೆಟ್ರೋಲ್ ಎಂಜಿನ್ ತನ್ನ ಉಸಿರಿನಷ್ಟೇ ಗಾಳಿ ಎಳೆಯುವುದು. ಅಲ್ಲಿ ತಿದ್ದಿ ಬರುವ ಲಾಭ ಪುಡಿಗಾಸು. “ನಿಮ್ಮದು ಯಾವ ಗಾಡಿ ಅಂಕಲ್?” ಎಂದ. ಹಳೆಯ ವ್ಯಾಗನ್ಆರ್ ಎಂದೆ. “ಅದನ್ನು ಹಾಗೇ ಬಿಡಿ,” ಎಂದು ಮಾತು ಮುಗಿಸಿದ.

ಪೋಲೊ ಕಂಪನಿಯಿಂದ ಬಂದಾಗ 110 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. ಅಕ್ಕನ ಮಗ ಕೊಳ್ಳಲು ಬಂದದ್ದು ‘ಸ್ಟೇಜ್ ಒನ್’. ಯಾವ ಬಿಡಿಭಾಗವನ್ನೂ ಬದಲಿಸದೆ ಬರೀ ಫೈಲು ತಿದ್ದುವುದಕ್ಕೆ ಈ ಹೆಸರು. ಸೈಲೆನ್ಸರ್ ಬದಲಿಸಿದರೆ ಸ್ಟೇಜ್ ಟೂ, ಟರ್ಬೊ ಬದಲಿಸಿದರೆ ತ್ರೀ. ಟ್ಯೂನರ್ ಹುಡುಗ ಕೊಟ್ಟ ಮಾತು 135 ಅಶ್ವಶಕ್ತಿ. ಇಪ್ಪತ್ತೈದು ಕುದುರೆಗೆ ಅವನು ಹೇಳಿದ ರೇಟು ಮೂವತ್ತು ಸಾವಿರ. ಒಂದು ಕುದುರೆಗೆ ಸಾವಿರದ ಇನ್ನೂರು ಬಿತ್ತು ಎಂದು ಮನಸ್ಸಿನಲ್ಲೇ ಭಾಗಿಸಿದೆ.

ಓದುವುದು ಮುಗಿಯಲು ಇನ್ನೂ ಹೊತ್ತಿತ್ತು. ಈ ನಡುವೆ ಕಾರಿನ ಬ್ಯಾಟರಿ ಇಳಿದುಹೋದರೆ, ಅದರಲ್ಲೂ ಹೊಸ ಫೈಲು ಬರೆಯುವಾಗ ಇಳಿದರೆ, ಇಸಿಯು ಅರ್ಧ ಬರೆದ ಪಂಚಾಂಗವಾಗಿ ಕೂತುಬಿಡುತ್ತದೆ. ಕಾರು ಸ್ಟಾರ್ಟೇ ಆಗುವುದಿಲ್ಲ. ಅದಕ್ಕೇ ಆ ಚಾರ್ಜರ್, ಅದಕ್ಕೇ ಬಾಗಿಲು ತೆಗೆಯಬೇಡಿ ಅನ್ನುವ ಕಟ್ಟಪ್ಪಣೆ. ಓದುವ ಉಪಕರಣ ಇಟಲಿಯ ಏಲಿಯನ್‌ಟೆಕ್ ಕಂಪನಿಯ ಕೆಸ್. ಅಂಕಿಗಳನ್ನು ಬಿಡಿಸಿ ತೋರಿಸುವ ತಂತ್ರಾಂಶ ಜರ್ಮನಿಯ ವಿನ್‌ಓಎಲ್‌ಎಸ್. ಎರಡೂ ದುಬಾರಿ. ಎರಡಕ್ಕೂ ನಕಲಿ ಚೀನಾ ಮಾಲು ಮಾರುಕಟ್ಟೆಯಲ್ಲಿದೆ. ನಕಲಿ ಉಪಕರಣ ಕೈಕೊಟ್ಟು ಸತ್ತ ಇಸಿಯುಗಳನ್ನು ಎಬ್ಬಿಸುವುದೂ ತನಗೆ ಒಂದು ವರಮಾನ ಎಂದು ಅವನು ನಕ್ಕ.

ಮೇಜಿನ ಮೇಲಿದ್ದ ಅಲ್ಯೂಮಿನಿಯಂ ಡಬ್ಬಿ ಅಂಥದೇ ಒಂದು ಹೆಣ. ತಿರುಗಿಸಿ ನೋಡಿದರೆ ಬಾಷ್ ಎಂದಿತ್ತು. ನನಗೆ ಊರು ನೆನಪಾಯಿತು.

ಹಾವೇರಿ ಜಿಲ್ಲೆಯ ನಮ್ಮೂರು ಪಿ.ಬಿ. ರೋಡಿನ ಮಗ್ಗುಲಲ್ಲೇ. ಕಾಕಾನ ಹತ್ತಿರ ಟಾಟಾ 1210 ಲಾರಿ ಇತ್ತು. ಆಗ ಹೆದ್ದಾರಿಯ ಪ್ರತಿ ಊರಿನಲ್ಲೂ ‘ಮೈಕೊ’ ಬೋರ್ಡಿನ ಒಂದು ಅಂಗಡಿ, ಒಳಗೆ ಗಾಜಿನ ನಳಿಗೆಗಳ ಸಾಲಿನಲ್ಲಿ ಡೀಸೆಲ್ ಅಳೆಯುವ ಯಂತ್ರ. ಡೀಸೆಲ್ ಪಂಪನ್ನು ಅಲ್ಲಿ ಕ್ಯಾಲಿಬ್ರೇಷನ್ ಮಾಡಿಸಬೇಕು. ಪಂಪಿನಲ್ಲಿ ಒಂದು ಸ್ಕ್ರೂ: ಎಷ್ಟೇ ಒತ್ತಿದರೂ ಇದಕ್ಕಿಂತ ಹೆಚ್ಚು ಡೀಸೆಲ್ ಹೋಗಬಾರದು ಎಂದು ತಡೆಯುವುದು. ಅದಕ್ಕೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿರುತ್ತಿದ್ದರು. ಕಾಕಾ ಅಂಕೋಲೆಯ ಬಾಡಿಗೆ ಹಿಡಿದಾಗಲೆಲ್ಲ ಆ ಸೀಲಿನ ಮೇಲೆ ಅವನ ಕಣ್ಣು. “ಒಂದ್ ಸುತ್ತು ತಿರುವಿದ್ರ ಸಾಕು, ಅರಬೈಲ್ ಘಟ್ಟದಾಗ ಒದ್ದಾಡೂದು ತಪ್ಪತೈತಿ” ಅನ್ನುತ್ತಿದ್ದ. ಕಡೆಗೂ ತಿರುವಿಸಿದ. ಲಾರಿ ಎಳೆಯಿತು, ನಿಜ. ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಕರಿ ಹೊಗೆ ಉಗುಳಿತು, ಅದೂ ನಿಜ. ಮುಂದೆ ಎಂಜಿನ್ ಬಿಚ್ಚಿದಾಗ ಎರಡು ಪಿಸ್ಟನ್ನಿನ ತಲೆ ಸುಟ್ಟಿತ್ತು. ಕಾಕಾ ಸ್ಕ್ರೂವನ್ನು ಬೈಯಲಿಲ್ಲ, ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದವರನ್ನು ಬೈದ.

ಮೈಕೊ ಎಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಹುಟ್ಟಿದ್ದು, ಬೆಂಗಳೂರಿನ ಆಡುಗೋಡಿಯದು. ಜರ್ಮನಿಯ ಬಾಷ್‌ನದೇ ಕೂಸು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಮೈಕೊ ಲೇಔಟ್ ಮಾತ್ರ ಮೈಕೊ ಲೇಔಟಾಗಿಯೇ ಉಳಿಯಿತು. ಆ ಹೊತ್ತಿಗೆ ಪಂಪೂ ಬದಲಾಗಿತ್ತು. 1997ರಲ್ಲಿ ಆಲ್ಫಾ ರೋಮಿಯೊ ಕಾರಿನೊಂದಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ನಮ್ಮಲ್ಲಿಗೂ ಬಂತು. ಹುಂಡೈ ಆಕ್ಸೆಂಟ್ ಸಿಆರ್‌ಡಿಐ 2002ರದು. ಡೀಸೆಲ್ ಎಷ್ಟು, ಯಾವಾಗ ಎಂದು ನಿರ್ಧರಿಸುವ ಕೆಲಸ ಸ್ಕ್ರೂವಿನಿಂದ ಡಬ್ಬಿಗೆ ಹೋಯಿತು. ಬಾಷ್‌ನ ತಂತ್ರಾಂಶ ಕಂಪನಿಯೂ ಬೆಂಗಳೂರಿನಲ್ಲೇ, ಕೋರಮಂಗಲದಲ್ಲಿದೆ. ಇಂಥ ಡಬ್ಬಿಗಳ ಸಾಫ್ಟ್‌ವೇರ್ ಕೆಲಸ ಅಲ್ಲಿ ಸಾವಿರಾರು ಜನರ ಕೈಯಲ್ಲಿ ನಡೆಯುತ್ತದೆ. ಆಡುಗೋಡಿಯಲ್ಲಿ ಸೀಲು ಹಾಕಿದ್ದನ್ನು ಹಾವೇರಿಯಲ್ಲಿ ಒಡೆದ ಕಾಕಾನಿಗೂ ಕೋರಮಂಗಲದಲ್ಲಿ ಬರೆದದ್ದಿರಬಹುದಾದ ಫೈಲನ್ನು ಐರೋಲಿಯಲ್ಲಿ ತಿದ್ದುವ ಈ ಹುಡುಗನಿಗೂ ನಡುವೆ ಕಸುಬಿನ ನಂಟು ಕಂಡಿತು.

ಸೀಲು ಈಗಲೂ ಇದೆ. ಅದರ ಹೆಸರು ಚೆಕ್‌ಸಮ್. ಫೈಲಿನ ಅಂಕಿಗಳನ್ನೆಲ್ಲ ಒಂದು ಲೆಕ್ಕದಲ್ಲಿ ಕೂಡಿಸಿ ಬರುವ ಮೊತ್ತ ಕೊನೆಯಲ್ಲಿ ಬರೆದಿರುತ್ತದೆ. ಒಳಗೆ ಒಂದು ಅಂಕಿ ಬದಲಾದರೂ ಮೊತ್ತ ತಾಳೆಯಾಗದೆ ಎಂಜಿನ್ ಮುಷ್ಕರ ಹೂಡುತ್ತದೆ. ಆದರೆ ತಿದ್ದುವ ಉಪಕರಣವೇ ಹೊಸ ಮೊತ್ತವನ್ನೂ ಬರೆದುಕೊಡುತ್ತದೆ. ಕಾಕಾನ ಕಾಲದಲ್ಲಿ ಒಡೆದ ಸೀಲು ಕಣ್ಣಿಗೆ ಕಾಣುತ್ತಿತ್ತು. ಹೊಸ ಇಸಿಯುಗಳಿಗೆ ಇನ್ನೂ ಗಟ್ಟಿ ಬೀಗ ಹಾಕುತ್ತಿದ್ದಾರೆ, ಓಬಿಡಿಯಿಂದ ಒಳಹೋಗಲು ಆಗುವುದಿಲ್ಲ, ಡಬ್ಬಿಯನ್ನು ಕಾರಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟೇ ತೆರೆಯಬೇಕು. ಇನ್ನೊಂದು ದಾರಿ ಫೈಲು ಮುಟ್ಟದೆ ಸೆನ್ಸರಿಗೂ ಇಸಿಯುಗೂ ನಡುವೆ ಪುಟ್ಟ ಪೆಟ್ಟಿಗೆ ಕೂರಿಸಿ ಸುಳ್ಳು ಹೇಳಿಸುವುದು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಈ ಜಾತಿಯದು, ಬೈಕಿನ ಹುಡುಗರಿಗೆ ಚೆನ್ನಾಗಿ ಗೊತ್ತು. ಬೇಡವಾದ ದಿನ ಕಿತ್ತಿಟ್ಟರಾಯಿತು.

ಓದಿದ ಫೈಲು ಬಂತು. ಈಗ ಅವನು ಅಂಕಿ ತಿದ್ದುತ್ತಾನೆ ಎಂದು ಕುರ್ಚಿ ಮುಂದೆಳೆದುಕೊಂಡೆ. ಅವನು ಮಾಡಿದ್ದು ಅದನ್ನು ಇಮೇಲಿಗೆ ಹಾಕಿದ್ದು.

ಈ ಕಸುಬಿನ ಒಳಗುಟ್ಟು ಇದು. ರಿಮ್ಯಾಪ್ ಅಂಗಡಿಗಳಲ್ಲಿ ಹೆಚ್ಚಿನವು ಅಂಚೆ ಪೆಟ್ಟಿಗೆಗಳು. ಉಪಕರಣದಲ್ಲೇ ಎರಡು ಬಗೆ, ಮಾಸ್ಟರ್ ಮತ್ತು ಸ್ಲೇವ್. ಸ್ಲೇವ್ ಕಡಿಮೆ ಬೆಲೆಯದು. ಅದು ಓದಿದ ಫೈಲು ಗೂಢಲಿಪಿಯಲ್ಲಿರುತ್ತದೆ, ಮಾಸ್ಟರ್ ಇರುವವನೊಬ್ಬನೇ ಬಿಡಿಸಬಲ್ಲ. ಅವನು ಇನ್ನೆಲ್ಲೋ ಇರುತ್ತಾನೆ, ಈ ಕಾರನ್ನು ನೋಡಿರುವುದಿಲ್ಲ, ಅದರ ಎಂಜಿನ್ ಸದ್ದು ಕೇಳಿರುವುದಿಲ್ಲ. ತಿದ್ದಿ ವಾಪಸು ಕಳಿಸುತ್ತಾನೆ. ಡೀಸೆಲ್ ಗಾಡಿಗಳ ಫೈಲನ್ನು ಈ ಹುಡುಗ ತಾನೇ ಬರೆಯುತ್ತಾನಂತೆ, ಕಲಿತದ್ದು ಸ್ವಿಫ್ಟ್ ಡೀಸೆಲ್ಲಿನ ಮೇಲೆ. ಆ ಫಿಯೆಟ್‌ನ 1.3 ಲೀಟರ್ ಎಂಜಿನ್ ಮಾರುತಿ, ಟಾಟಾ, ಫಿಯೆಟ್ ಮೂರರಲ್ಲೂ ಇತ್ತು, ಕಲಿಯುವವನಿಗೆ ಹೆಣಗಳ ಕೊರತೆಯಿರಲಿಲ್ಲ. ಪೆಟ್ರೋಲ್ ಮಾತ್ರ ದೊಡ್ಡವರಿಗೆ ಕಳಿಸುತ್ತಾನೆ. “ಡೀಸೆಲ್ ತಪ್ಪಿದ್ರೆ ಹೊಗೆ ಬರ್ತದೆ, ಗೊತ್ತಾಗ್ತದೆ. ಪೆಟ್ರೋಲ್ ತಪ್ಪಿದ್ರೆ ನಾಕಿಂಗ್. ಗೊತ್ತಾಗುವಾಗ ಪಿಸ್ಟನ್ ಹೋಗಿರ್ತದೆ.”

ಇಷ್ಟು ಪ್ರಾಮಾಣಿಕವಾಗಿ ಹೇಳುವವನನ್ನು ಬಿಡಬಾರದು ಎನ್ನಿಸಿ ಕೇಳಿದೆ: ಇಷ್ಟು ಸುಲಭಕ್ಕೆ 25 ಕುದುರೆ ಸಿಗುವುದಾದರೆ ಕಂಪನಿಯವರೇ ಯಾಕೆ ಕೊಡಲಿಲ್ಲ?

“ಕೊಡ್ತಾರಲ್ಲ. ದುಡ್ಡು ಕೊಟ್ಟವರಿಗೆ ಕೊಡ್ತಾರೆ.”

ಅವನು ಹೇಳಿದ ಉದಾಹರಣೆ ಮಹೀಂದ್ರಾದ್ದು. ಎಕ್ಸ್‌ಯುವಿ 700ರ 2.2 ಲೀಟರ್ ಡೀಸೆಲ್ ಕಡಿಮೆ ಬೆಲೆಯ ಎಂಎಕ್ಸ್ ಮಾದರಿಯಲ್ಲಿ 155 ಅಶ್ವಶಕ್ತಿ, ಮೇಲಿನ ಎಎಕ್ಸ್‌ನಲ್ಲಿ 185. ಸ್ಕಾರ್ಪಿಯೊ ಎನ್‌ನ ಕೆಳಗಿನ ಮಾದರಿಯಲ್ಲಿ 132, ಮೇಲಿನದರಲ್ಲಿ 175. ಎಂಜಿನ್ ಕುಟುಂಬ ಒಂದೇ, ದಾನ ಮಾತ್ರ ಪಾತ್ರ ನೋಡಿ. ಹಾಗಂತ ಕಂಪನಿ ಹಿಂದಿಟ್ಟುಕೊಂಡದ್ದೆಲ್ಲ ಜಿಪುಣತನವಲ್ಲ. ಕಾರು ಮಾಡುವವರಿಗೆ ಅದನ್ನು ಯಾರು ಓಡಿಸುತ್ತಾರೆ ಎಂದು ಗೊತ್ತಿರುವುದಿಲ್ಲ. ರಾಜಸ್ಥಾನದ ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು ಏಳು ಜನರನ್ನು ತುಂಬಿಕೊಂಡು ಹೋಗುವವನಿದ್ದಾನೆ, ಲೇಹ್‌ನ ತೆಳು ಗಾಳಿಯಲ್ಲಿ ಟರ್ಬೊವನ್ನು ಉಬ್ಬಸ ಬರುವಂತೆ ಓಡಿಸುವವನಿದ್ದಾನೆ, ಎಣ್ಣೆ ಬದಲಿಸಲು ಮರೆಯುವವನಿದ್ದಾನೆ, ಎಲ್ಲೋ ಹಳ್ಳಿಯ ಬಂಕಿನಲ್ಲಿ ಸಿಕ್ಕ ಪೆಟ್ರೋಲ್ ಹಾಕಿಸುವವನಿದ್ದಾನೆ. ಅವರೆಲ್ಲರ ಕೈಯಲ್ಲೂ ಎಂಜಿನ್ ವಾರಂಟಿ ಮುಗಿಯುವ ತನಕ ಬಾಳಬೇಕು, ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಹೊಗೆಯ ಪರೀಕ್ಷೆಯಲ್ಲೂ ಪಾಸಾಗಬೇಕು. ಅದಕ್ಕಾಗಿ ಕಣಜದಲ್ಲಿ ಬೀಜದ ಕಾಳು ತೆಗೆದಿಡುವ ಹಾಗೆ ಒಂದಷ್ಟು ತೆಗೆದಿಡುತ್ತಾರೆ. ರಿಮ್ಯಾಪಿನವನು ಮಾರುವುದು ಆ ಕಾಳನ್ನು. ನಿನ್ನ ಮನೆಯ ಬೀಜವನ್ನೇ ನಿನಗೆ ಮಾರುತ್ತಾನೆ. ಅಡುಗೆ ರುಚಿಯಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ಬಿಡಿಭಾಗಗಳಂತೂ ಕೆಲವೊಮ್ಮೆ ತಮ್ಮ ಮಿತಿಯನ್ನು ಹೆಸರಿನಲ್ಲೇ ಹೊತ್ತಿರುತ್ತವೆ. ಪೋಲೊದ ಮ್ಯಾನುಯಲ್ ಗೇರ್‌ಬಾಕ್ಸಿಗೆ ಫೋಕ್ಸ್‌ವ್ಯಾಗನ್ ಇಟ್ಟ ಹೆಸರು ಎಂಕ್ಯೂ 200. ಆ 200 ಎಂದರೆ ಅದು ತಾಳುವ ಟಾರ್ಕಿನ ಲೆಕ್ಕ. ಸ್ಟೇಜ್ ಒನ್ ಫೈಲುಗಳು ಸಲೀಸಾಗಿ 200 ದಾಟುತ್ತವೆ. ಆಟೊಮ್ಯಾಟಿಕ್ ಡಿಎಸ್‌ಜಿಯ ಡಿಕ್ಯೂ 200ಕ್ಕೆ ಮಿತಿ 250. ಮಾತು ಇಲ್ಲಿಗೆ ಬಂದಾಗ ಅಕ್ಕನ ಮಗ ಮೊಬೈಲ್ ನೋಡತೊಡಗಿದ. ಟ್ಯೂನರ್ ಹುಡುಗ ಸಮಾಧಾನ ಹೇಳಿದ: ಕೆಳಗಿನ ಗೇರುಗಳಲ್ಲಿ ಟಾರ್ಕ್ ಕಡಿಮೆ ಇಡುವಂತೆ ಹೇಳಿದ್ದೇನೆ, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡ, 95 ಆಕ್ಟೇನ್‌ಗಿಂತ ಕಡಿಮೆಯ ಪೆಟ್ರೋಲ್ ಹಾಕಬೇಡ. ಕೊನೆಯ ಮಾತನ್ನು ಎರಡು ಸಲ ಹೇಳಿದ.

ಫೈಲು ವಾಪಸು ಬರುವ ಮೊದಲು ಇನ್ನೊಬ್ಬ ಗಿರಾಕಿ ಬಂದರು. ದೊಡ್ಡ ಡೀಸೆಲ್ ಗಾಡಿ, ಬಿಎಸ್ 6. ಮನೆ ಮುಲುಂಡ್, ಆಫೀಸು ಐರೋಲಿ, ನಡುವೆ 1999ರಿಂದ ಇರುವ ಸೇತುವೆ. 2024ರ ಅಕ್ಟೋಬರಿನಿಂದ ಕಾರುಗಳಿಗೆ ಸೇತುವೆಯ ನಾಕಾದಲ್ಲಿ ಟೋಲ್ ಇಲ್ಲ, ಆದರೂ ಟ್ರಾಫಿಕ್ ತಪ್ಪಿಲ್ಲ. ಅವರ ದೂರು ಪಿಕಪ್ಪಿನದಲ್ಲ, ಡ್ಯಾಶ್‌ಬೋರ್ಡಿನಲ್ಲಿ ವಾರಕ್ಕೊಮ್ಮೆ ಹೊತ್ತಿಕೊಳ್ಳುವ ಹಳದಿ ದೀಪದ್ದು. ಬಿಎಸ್ 6 ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿಯಿದೆ, ಡಿಪಿಎಫ್. ತುಂಬಿದಾಗ ಅದು ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ 600 ಡಿಗ್ರಿಯಷ್ಟು ಕಾವು, ಆ ಕಾವಿಗೆ ಹದಿನೈದು ಇಪ್ಪತ್ತು ನಿಮಿಷದ ಬಿಡದ ಓಟ ಬೇಕು. ಮುಲುಂಡ್–ಐರೋಲಿ ಸೇತುವೆಯ ಮೇಲೆ ಮೊದಲ ಗೇರು, ಎರಡನೇ ಗೇರು, ನ್ಯೂಟ್ರಲ್. ಜರಡಿ ತುಂಬುತ್ತದೆ, ದೀಪ ಹೊತ್ತುತ್ತದೆ, ಸರ್ವಿಸ್ ಸೆಂಟರಿನವರು ‘ಹೈವೇಯಲ್ಲಿ ಓಡಿಸಿ ಸಾರ್’ ಎಂದು ಬುದ್ಧಿ ಹೇಳುತ್ತಾರೆ. ಈಗ ಅವರು ಕೇಳಲು ಬಂದದ್ದು: ಅದನ್ನು ಸಾಫ್ಟ್‌ವೇರಿನಲ್ಲೇ ಆಫ್ ಮಾಡಿಬಿಡಿ, ಒಳಗಿನ ಜರಡಿ ಕಿತ್ತುಹಾಕಿ.

ಹುಡುಗ ಆಗುವುದಿಲ್ಲ ಎಂದ. ಅವರು ಇನ್ನೊಂದು ಅಂಗಡಿಯ ಹೆಸರು ಹೇಳಿ, ಅಲ್ಲಿ ಮಾಡುತ್ತಾರೆ ಎಂದರು. ಮಾಡಬಹುದು, ನಾನು ಮಾಡುವುದಿಲ್ಲ ಎಂದ ಇವನು. ಅವರು ಹೋದ ಮೇಲೆ ನನಗೆ ಹೇಳಿದ್ದು, “ಮೊದಲು ಮಾಡ್ತಿದ್ದೆ ಅಂಕಲ್. ಈಗ ಮಗು ಉಂಟು ಮನೆಯಲ್ಲಿ.” ಬಿಎಸ್ 4ರಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು, 2020ರ ಏಪ್ರಿಲ್‌ನ ಬಿಎಸ್ 6ರಲ್ಲಿ ಅದು 4.5ಕ್ಕೆ ಇಳಿಯಿತು. ಇಳಿಸಿದ್ದು ಆ ಜರಡಿ. ಅದನ್ನು ಕಿತ್ತ ಗಾಡಿ ಹೊಳೆಯುವ ಹೊಸ ಬಣ್ಣದ ಹಳೆಯ ಲಾರಿಯೇ.

ಅಂದಹಾಗೆ, ಈ ದೇಶದಲ್ಲಿ ನಡೆದ ಅತಿ ದೊಡ್ಡ ರಿಮ್ಯಾಪ್‌ಗಳಲ್ಲೊಂದು ಇಂಥ ಶೆಡ್ಡಿನದಲ್ಲ, ಕಂಪನಿಯದೇ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತು. ಅದರ ಡೀಸೆಲ್ ಕಾರುಗಳ ಇಸಿಯು ತಾನೀಗ ಪರೀಕ್ಷೆಯ ಯಂತ್ರದ ಮೇಲಿದ್ದೇನೆ ಎಂದು ಗುರುತಿಸಿ, ಅಷ್ಟು ಹೊತ್ತು ಮಾತ್ರ ಸಂಭಾವಿತನಾಗುತ್ತಿತ್ತು. ರಸ್ತೆಗಿಳಿದ ಮೇಲೆ ಮ್ಯಾಪ್ ಬೇರೆ. ಅದೇ ಡಿಸೆಂಬರಿನಲ್ಲಿ ಭಾರತದಲ್ಲಿ 3,23,700 ಕಾರುಗಳನ್ನು ಹಿಂದಕ್ಕೆ ಕರೆದು ಸಾಫ್ಟ್‌ವೇರ್ ಬದಲಿಸುವುದಾಗಿ ಕಂಪನಿ ಪ್ರಕಟಿಸಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ಔಡಿ ಮೂರೂ ಸೇರಿ. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಲವಂತದ ಕ್ರಮ ಬೇಡವೆಂದು ತಡೆಯಿತು. ಕಂಪನಿ ಹಿಂದಕ್ಕೆ ಕರೆದಾಗ ಹೊಸ ಫೈಲು ಹಾಕಿಸಿಕೊಂಡು ಬಂದ ಕೆಲವರು ಪಿಕಪ್ ಬಿದ್ದಿದೆ ಎಂದು ಇವನ ಹತ್ತಿರ ಹಳೆಯದನ್ನು ಹಾಕಿಸಿಕೊಳ್ಳಲು ಬರುತ್ತಿದ್ದರಂತೆ.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಹೇಳಿ ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಯನ್ನು ಮಾಲೀಕ ಮಾಡಕೂಡದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮನ್ನು ಸೇರಿಸಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಿತು. ಬೋರ್ಡಿನಲ್ಲಿ ಎಸಿ ಗ್ಯಾಸ್ ಎಂದು ಬರೆದಿರುವುದರ ಹಿನ್ನೆಲೆ ಇದು. ಆದರೆ ದೊಡ್ಡ ಟೈರು, ಕೂಗುವ ಸೈಲೆನ್ಸರ್ ಹಾಕಿದವನು ಪೊಲೀಸರ ಕಣ್ಣಿಗೆ ಬೀಳುತ್ತಾನೆ. ಅಂಕಿ ತಿದ್ದಿದವನನ್ನು ಹಿಡಿಯುವ ಉಪಕರಣ ನಾಕಾಬಂದಿಯ ಪೊಲೀಸರ ಕೈಯಲ್ಲಿಲ್ಲ. ಹಿಡಿದರೆ ಕಂಪನಿಯೇ ಹಿಡಿಯಬೇಕು. ಫೋಕ್ಸ್‌ವ್ಯಾಗನ್ ಬಳಗದ ಸರ್ವಿಸ್ ಕಂಪ್ಯೂಟರು ತಿದ್ದಿದ ಫೈಲು ಕಂಡರೆ ಆ ಕಾರಿನ ಲೆಕ್ಕದಲ್ಲಿ ‘ಟಿಡಿ1’ ಎಂದು ಗುರುತು ಹಾಕುತ್ತದೆ. ಆಮೇಲೆ ಎಂಜಿನ್, ಗೇರ್‌ಬಾಕ್ಸಿನ ವಾರಂಟಿಯ ಆಸೆ ಬಿಡಬೇಕು. ವಿಮೆಯವರಿಗೆ ತಿಳಿಸದೆ ಮಾಡಿದ ಮಾರ್ಪಾಡಂತೂ ಅಪಘಾತದ ದಿನ ಅವರ ಕೈಗೆ ಸಿಕ್ಕುವ ದೊಡ್ಡ ನೆಪ. ಹೆಸರು ಬೇಡ ಅಂದದ್ದು ಇದಕ್ಕೇ.

ಫೈಲು ಬಂತು. ಬರೆಯಲು ಹಿಡಿದದ್ದು ನಾನು ಚಹಾ ಕುಡಿದಷ್ಟು ಹೊತ್ತು. ಇಗ್ನಿಷನ್ ಆನ್, ಆಫ್, ಮತ್ತೆ ಆನ್. ಸ್ಟಾರ್ಟ್ ಆಯಿತು. ಸದ್ದಿನಲ್ಲಿ ಏನೂ ಬದಲಾವಣೆಯಿಲ್ಲ. ಮೂವತ್ತು ಸಾವಿರ ಕೊಟ್ಟವನ ಮುಖದಲ್ಲಿ ಒಂದು ಕ್ಷಣ ಕಳವಳ ಹಾದುಹೋಯಿತು.

ಮೂವರೂ ಹೊರಟೆವು. ಶಕ್ತಿ ಅಳೆಯುವ ಡೈನೊ ಯಂತ್ರ ಇವನಲ್ಲಿಲ್ಲ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಅಂಕಿ ದಾಖಲಿಸಿಕೊಳ್ಳುತ್ತಾನೆ. ಹೀಗಾಗಿ 135 ಎಂಬುದು ಲೆಕ್ಕ, ಅಳತೆಯಲ್ಲ. ಸಂಜೆ ಆರು ಗಂಟೆ. ಥಾಣೆ–ಬೇಲಾಪುರ ರಸ್ತೆಗೆ ಮೂತಿ ಇಟ್ಟದ್ದೇ ಮುಂದೆ ಎನ್ಎಂಎಂಟಿ ಬಸ್ಸು, ಪಕ್ಕದಲ್ಲಿ ಟ್ಯಾಂಕರು, ಹಿಂದೆ ಐಟಿ ಕಂಪನಿಗಳ ಬಸ್ಸುಗಳ ದಿಬ್ಬಣ. ರಬಾಳೆ ಬರುವತನಕ ಎರಡನೇ ಗೇರು ದಾಟಲಿಲ್ಲ. ಘಣಸೋಲಿಯ ಹತ್ತಿರ ಫ್ಲೈಓವರಿನ ಮೇಲೆ ಎದುರಿಗೆ ಇನ್ನೂರು ಮೀಟರು ಖಾಲಿ ಸಿಕ್ಕಿತು. ಅಕ್ಕನ ಮಗ ಮೂರನೇ ಗೇರಿನಲ್ಲಿ ಪೆಡಲ್ ಒತ್ತಿದ. ಎರಡು ಸಾವಿರ ಸುತ್ತಿನ ಹತ್ತಿರ ಯಾರೋ ಬೆನ್ನಿಗೆ ಕೈ ಇಟ್ಟು ತಳ್ಳಿದ ಹಾಗಾಯಿತು. ಸುಳ್ಳಲ್ಲ, ನನಗೂ ಖುಷಿಯಾಯಿತು. ಆ ಖುಷಿ ಎಣಿಸಿ ನಾಲ್ಕು ಸೆಕೆಂಡು. ಆಮೇಲೆ ಒಂದು ಟೆಂಪೊ.

“ಹೆಂಗೈತಿ ಮಾಮಾ?” ಎಂದ. ಅರಬೈಲ್ ಘಟ್ಟಕ್ಕೆ ತಗೊಂಡು ಹೋಗು ಎಂದೆ.

ಶೆಡ್ಡಿಗೆ ಮರಳಿ ಬಂದಾಗ ಹುಡುಗ ಪೆನ್‌ಡ್ರೈವ್ ಒಂದನ್ನು ಕೊಟ್ಟ, ಅದರಲ್ಲಿ ಕಂಪನಿಯ ಮೂಲ ಫೈಲು. ಒಂದು ಪ್ರತಿ ಅವನಲ್ಲೂ ಇರುತ್ತದೆ. ಕಾರು ಮಾರುವ ಮುನ್ನ, ಇಲ್ಲವೇ ಸರ್ವಿಸಿಗೆ ಬಿಡುವ ಮುನ್ನ ಬಂದು ಮೊದಲಿನಂತೆ ಮಾಡಿಸಿಕೊಂಡು ಹೋಗುವವರಿದ್ದಾರೆ. ಹಾಗೆ ಬರುವವರಿಗೆ ಅವನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಸ್ಟೇಷನ್ನಿಗೆ ಬಿಡಲು ಹೊರಟ ಅಕ್ಕನ ಮಗ ನಡುವೆ ಬಂಕಿಗೆ ತಿರುಗಿಸಿದ. ಕಾರಿನ ಹೊಗೆ ತಪಾಸಣೆಯ ಸರ್ಟಿಫಿಕೇಟು, ಪಿಯುಸಿ, ಮುಗಿದು ಮೂರು ದಿನವಾಗಿತ್ತಂತೆ. ಬಂಕಿನ ಮೂಲೆಯ ಡಬ್ಬಿ ಅಂಗಡಿಯಿಂದ ಒಬ್ಬ ಬಂದು ಮೊಬೈಲಿನಲ್ಲಿ ನಂಬರ್ ಪ್ಲೇಟಿನ ಫೋಟೊ ತೆಗೆದ, ಸೈಲೆನ್ಸರಿನೊಳಗೆ ನಳಿಗೆ ತೂರಿಸಿದ, ಎಂಜಿನ್ ನಿಂತಲ್ಲೇ ಗುರುಗುಟ್ಟಲು ಬಿಟ್ಟ. ಕಾರ್ಬನ್ ಮೊನಾಕ್ಸೈಡ್ ಎಷ್ಟೋ, ಹೈಡ್ರೋಕಾರ್ಬನ್ ಎಷ್ಟೋ. ಐಡಲ್‌ನಲ್ಲಿ ನಿಂತ ಕಾರಿಗೆ ತಾನು 110ರದೋ 135ರದೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಪ್ರಿಂಟರ್ ಕಾಗದ ಉಗುಳಿತು: ಪಾಸ್, ಒಂದು ವರ್ಷ.